ವಿಂಡರ್‌ಮಿಯರಿನ ಮಂದಗತಿ

ಇಂಗ್ಲೆಂಡಿನ ವಾಯವ್ಯ ಭಾಗದ ಬೆಟ್ಟಗಳ ನಡುವೆ ವಿಂಡರ್‌ಮಿಯರ್ ಎಂಬ ಸರೋವರವುಂಟು. ಉದ್ದವು 10 ಮೈಲಿಗೂ ಮಿಕ್ಕಿದ್ದು; ಆಳವು 200 ಅಡಿಗಳನ್ನು ಮೀರಿದ್ದು. ಆ ದೇಶದ ಸ್ವಾಭಾವಿಕ ಸರೋವರಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಹಿಮಯುಗವು ಕಳೆದ ಮೇಲೂ ಇಲ್ಲಿ ಉಳಿದುಕೊಂಡ ‘ಚಾರ್’ ಎಂಬ ಮೀನು ತಣ್ಣೀರನ್ನೇ ಬಯಸುವುದು, ಬೇಸಗೆಯಲ್ಲಿ ಆಳಕ್ಕಿಳಿಯುವುದು.

ಅದನ್ನು ಹಿಡಿಯುವ ಹಳೆಯ ಕ್ರಮವು ನೋಡತಕ್ಕದ್ದು. ದೋಣಿಯ ಎರಡು ಪಕ್ಕಗಳಿಗೂ ನೀಳವಾದ ಕೋಲುಗಳನ್ನು ಚಾಚಿ, ತುದಿಗೆ ಕಿರುಗಂಟೆಯನ್ನು ಕಟ್ಟುವರು; ಮೀನು ಕಚ್ಚಿದರೆ ಗಂಟೆ ನುಡಿಯುವುದು. ಸೀಸದ ಗುಂಡಿನ ಭಾರದಿಂದ ಕೆಳಗಿಳಿದ ಹುರಿಯಿಂದ ಬೇರೆಬೇರೆ ಆಳಗಳಲ್ಲಿ ಕವಲುದಾರಗಳು ಹೊರಡುವುವು. ಒಂದೊಂದರ ಕೊನೆಗೂ ತೆಳುತಗಡಿನ ಹುಸಿಮೀನು ಮತ್ತು ಗಾಳ.

ಉಳಿದುದೆಲ್ಲ ಹುಟ್ಟು ಹಾಕುವವನ ಕೈಯಲ್ಲಿದೆ. ದೋಣಿ ವೇಗವಾಗಿ ಹೋದರೆ ಹುರಿಯು ಹಿಂದಕ್ಕೆ ಓರೆಯಾಗಿ, ತಗಡುಗಳು ಮೀನಿನ ನೆಲೆಯನ್ನು ಬಿಟ್ಟು ಮೇಲೇಳುವುವು. ತೀರ ನಿಧಾನವಾದರೆ ಅವು ತಿರುಗದೆ, ಮಿನುಗದೆ ಜೋಲುಬೀಳುವುವು. ಹಿಂದಿನಿಂದ ಗಾಳಿ ಬೀಸಿದಾಗ ಹುಟ್ಟನ್ನು ತಡೆದು ಹಿಡಿಯಬೇಕು. ಎದುರುಗಾಳಿಯಲ್ಲಿ ಒತ್ತಿ ಹಾಕಬೇಕು. ನಡೆಯುವ ಮನುಷ್ಯನಿಗಿಂತಲೂ ಮೆಲ್ಲನೆಯ, ಒಂದೇ ಸಮನಾದ ಗತಿಯೇ ಬೇಕಾದುದು. ಅದನ್ನು ಅಳೆಯಲು ಯಂತ್ರವೇಕೆ? ಹುರಿಯ ಓರೆಯನ್ನು ನೋಡಿದರೆ ಸಾಕು.

ಈಗ ಆ ಕಿರುಗಂಟೆಗಳ ದನಿ ಅಪರೂಪವಾಗಿದೆ. ಕೊಳಚೆಯ ಸಾರದಿಂದ ಪಾಚಿ ಹೆಚ್ಚಿ, ಆಳದ ನೀರಿನಲ್ಲಿ ಪ್ರಾಣವಾಯು ಕುಂದಿತು, ನೀರೂ ಬೆಚ್ಚಗಾಗುತ್ತಿದೆ. ಚಾರಿನ ಸಂತತಿಯು ಬಹಳ ಕ್ಷೀಣಿಸಿದೆ. ಹಿರಿಯರು ಈ ನಿಧಾನದ ವಿದ್ಯೆಯನ್ನು ಕಿರಿಯರಿಗೆ ಕಲಿಸಬಲ್ಲರು. ಆದರೆ ಅದಕ್ಕೆ ಮೊದಲು ಮೀನು ಉಳಿಯಬೇಕಲ್ಲವೇ?