ಮಕ್ಕಳೂ ಜಾತ್ರೆಗಳೂ

ಮನುಷ್ಯನು ಉತ್ಸವಪ್ರಿಯನೆಂಬುದು ಹಳೆಯ ಮಾತು. ಆದರೆ ಮನುಷ್ಯನೆಂದರೆ ಎಷ್ಟು ವಯಸ್ಸಿನವನು ಎಂಬುದನ್ನು ಹಾಗೆಂದವರು ವಿಚಾರಿಸಿದಂತೆ ತೋರುವುದಿಲ್ಲ. ಎಪ್ಪತ್ತರ ಅಜ್ಜನೂ ನಾಲ್ಕರ ಮೊಮ್ಮಗುವೂ ಒಂದೇ ತೇರಿನ ಮುಂದೆ ನಿಂತರೆ ಇಬ್ಬರಿಗೂ ಒಂದೇ ಬಗೆಯ ಆನಂದವಾಗುವುದೆಂದು ಗೃಹಸ್ಥರೆಲ್ಲರೂ ನಂಬಿಕೊಂಡು ಬಂದಿರುವರು. ಈ ನಂಬಿಕೆ ಎಷ್ಟು ಸಡಿಲವಾದುದೆಂಬುದು ವಾಡಿಯ ಒಂದು ಮನೆಯಲ್ಲಿ ಒಮ್ಮೆ ಚೆನ್ನಾಗಿ ತಿಳಿದುಬಂದಿತು.

ವಾಡಿ ದೊಡ್ಡ ಊರೇನಲ್ಲ. ಆದರೆ ದೊಡ್ಡ ಕೂಡುದಾರಿ. 1874ರಲ್ಲಿ ನಿಜಾಮರ ರಾಜ್ಯದ ರೈಲುದಾರಿಯು ಸಿಕಂದರಾಬಾದಿನಿಂದ ಬಂದು ಮುಂಬಯಿ–ಮದರಾಸು ದಾರಿಯನ್ನು ಇಲ್ಲಿಯೇ ಕೂಡಿಕೊಂಡಿತು. ಒಂದು ಕಡೆಗೆ ಶಹಾಬಾದ, ಕಲಬುರಗಿ; ಒಂದು ಕಡೆಗೆ ನಾಲವಾರ, ಯಾದಗಿರಿ, ರಾಯಚೂರು; ಮತ್ತೊಂದು ಕಡೆಗೆ ಚಿತ್ತಾಪುರ, ಮಳಖೇಡ, ಸೇಡಂ. ಆದುದರಿಂದ ಯಾವ ಜಾತ್ರೆಗೆ ಹೋಗಬೇಕಾದರೂ ವಾಡಿಯವರಿಗೆ ದಾರಿಯ ಚಿಂತೆಯಿಲ್ಲ. ಯಾವ ಜಾತ್ರೆಗೆ ಮನೆಯ ಯಾರನ್ನು ಕರೆದೊಯ್ಯಬೇಕೆಂಬುದೇ ಚಿಂತೆ.

ಆ ಮನೆಯ ಹಿರಿಯನು ರೈಲ್ವೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತನಾದವನು. ಮಗನು ಸಿಮೆಂಟು ಕಾರ್ಖಾನೆಗೆ ಹೋಗುವನು. ಮೊಮ್ಮಕ್ಕಳು ಮೂವರು: ಹದಿಮೂರು ವರ್ಷದ ಹುಡುಗಿ, ಒಂಬತ್ತರ ಹುಡುಗ, ನಾಲ್ಕು ತುಂಬದ ಕಿರಿಯವಳು. ಮೂವರಿಗೂ ಅವನು ‘ಮುತ್ಯಾ’. ವಾಡಿಯ ಸಮೀಪದ ಹಲಕಟ್ಟಾ ಶರೀಫ ದರ್ಗಾದ ಉರುಸಿಗೆಂದು ಹೈದರಾಬಾದಿನಿಂದ ವಿಶೇಷ ರೈಲುಗಳು ಬಂದಾಗಲೆಲ್ಲ ಆ ಜನಸಾಗರವನ್ನು ಪ್ಲಾಟ್‌ಫಾರಮ್ಮಿನ ಮೇಲೆ ಇಳಿಸಿಕೊಂಡು ದಾರಿಹಚ್ಚಿದವನಾದ್ದರಿಂದ, ಜನಸಂದಣಿಯೆಂದರೆ ತನಗೆ ಅಂಗೈ ನೆಲ್ಲಿಕಾಯಿ ಎಂದು ಅವನು ತಿಳಿದಿದ್ದನು.

ಒಂದು ವರ್ಷ ಅವನು ಮೂವರನ್ನೂ ಒಂದು ದೊಡ್ಡ ಜಾತ್ರೆಗೆ ಕರೆದುಕೊಂಡು ಹೋದನು. ಸೊಸೆಯು ಕಿರಿಯವಳನ್ನು ಬಿಟ್ಟುಹೋಗಿರೆಂದರೆ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಮಿಣಿ ಬಿಗಿಯಿತು, ವಾದ್ಯ ಮೊಳಗಿತು, ತೇರು ಕದಲಿತು. ಕದಲಿದ ತೇರನ್ನು ಕಂಡ ಕೂಡಲೆ ಅರುವತ್ತು ವರ್ಷಗಳ ಅಭ್ಯಾಸದಂತೆ ಅವನ ಕೈಗಳು ತಾವೇ ಜೋಡಿಕೊಂಡವು. ಎರಡು ಕೈ ಜೋಡಿಸಬೇಕಾದರೆ ಹಿಡಿದುಕೊಂಡದ್ದನ್ನು ಬಿಡಲೇಬೇಕಷ್ಟೆ! ಕಣ್ಣು ಕಳಸದಿಂದ ಕೆಳಗಿಳಿಯುವಷ್ಟರಲ್ಲಿ ಕಿರಿಯವಳು ಅಲ್ಲಿರಲಿಲ್ಲ.

ಮುಕ್ಕಾಲು ಗಂಟೆ ಹುಡುಕಿದರು. ಹುಡುಗಿಯು ಅಳುತ್ತ ತಮ್ಮನ ಕೈಯನ್ನು ಬಿಡದೆ ನಿಂತಳು. ಮುದುಕನು ಅಂಗಡಿಯಿಂದ ಅಂಗಡಿಗೆ ಓಡಿ, ಕೊನೆಗೆ ಕಾಲು ಸೋತು ನೆಲದ ಮೇಲೆಯೇ ಕುಸಿದು ಕುಳಿತನು. ಆಗ ಅವನಿಗೆ ಎಂದೂ ಕಾಣದಿದ್ದ ಒಂದು ಜಾತ್ರೆ ಕಂಡಿತು. ಅದರಲ್ಲಿ ತೇರಿರಲಿಲ್ಲ, ಕಳಸವಿರಲಿಲ್ಲ, ದೇವರೂ ಇರಲಿಲ್ಲ. ಇದ್ದುದು ಕಾಲುಗಳು, ಧೂಳು, ತೂಗಾಡುವ ಚೀಲಗಳು, ಎಲ್ಲಿಂದಲೋ ಬಂದು ಎದೆಗೆ ಬಡಿಯುವ ಡೊಳ್ಳಿನ ಸದ್ದು. ಎರಡೂವರೆ ಅಡಿಯ ಎತ್ತರದಿಂದ ಜಾತ್ರೆಯೆಂದರೆ ಇಷ್ಟೇ. ಬೆಳಗಿನಿಂದ ಮಗುವು ಕಂಡದ್ದೂ ಇದನ್ನೇ.

ಮಗುವು ಒಬ್ಬ ಬಳೆಗಾರ್ತಿಯ ಬಳಿ ಸಿಕ್ಕಿತು. ಆ ಪುಣ್ಯವತಿಯು ಅದರ ಉಡಿಯಲ್ಲಿ ಬೆಂಡು ಬತ್ತಾಸು ಹಾಕಿ, ‘ನಿಮ್ಮವರು ಯಾರವ್ವಾ’ ಎಂದು ಕೇಳಿದರೆ, ‘ಮುತ್ಯಾ’ ಎಂದಿತಂತೆ. ಜಾತ್ರೆಯಲ್ಲಿ ಮುತ್ಯಾ ಅಲ್ಲದ ಮುದುಕನು ಯಾರು? ಹೆಸರು, ಊರು, ಮನೆಯವರ ದೂರವಾಣಿಯ ಸಂಖ್ಯೆ ಇವನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಹೊಲಿದಿದ್ದರೆ ಐದು ನಿಮಿಷದ ಕೆಲಸವಾಗುತ್ತಿತ್ತು.

ಸೊಸೆಯು ಆ ರಾತ್ರಿ ಏನೂ ಆಡಲಿಲ್ಲ. ಮರುದಿನ ಚಹಾ ತಂದಿಟ್ಟು, ‘ಮಾವಾ, ದೇವರು ಮನ್ಯಾಗೂ ಅದಾನ್ರಿ. ಇನ್ನ ಜಾತ್ರಿ ಸಾಕ್ರಿ’ ಎಂದಳು. ಮಾವನು ತಲೆಯೆತ್ತಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಜಾತ್ರೆಯ ಮಾತು ನಿಂತುಹೋಯಿತು.

ಇದರಿಂದ ನ್ಯಾಯವಾಗಿ ನೊಂದವಳೆಂದರೆ ಹಿರಿಯ ಹುಡುಗಿ. ತಪ್ಪು ಯಾರದೋ, ಶಿಕ್ಷೆ ತನಗೆ. ಅವಳು ಕೆಲವು ತಿಂಗಳ ಮೇಲೆ ತಂದೆಯ ಮೊಬೈಲಿನಲ್ಲಿ ಏನನ್ನೋ ಓದಿ, ಅದನ್ನೇ ವಾದದ ಸಾಧನವನ್ನಾಗಿ ಮಾಡಿಕೊಂಡು ಅಜ್ಜನ ಬಳಿಗೆ ಬಂದಳು. ಪೋರ್ತುಗಾಲ್ ದೇಶದ ತೊಮಾರ್ ಎಂಬ ಊರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಹರಿವಾಣಗಳ ಹಬ್ಬವೊಂದು ನಡೆಯುವುದು, 2023ರಲ್ಲಿಯೂ ನಡೆಯಿತು. ರೊಟ್ಟಿಗಳನ್ನೂ ಕಾಗದದ ಹೂಗಳನ್ನೂ ಪೋಣಿಸಿ, ಹೊತ್ತವಳಷ್ಟೇ ಎತ್ತರವಾಗಿ ಕಟ್ಟಿದ ಹರಿವಾಣಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು ಬೀದಿಗಳಲ್ಲಿ ಸಾಗುವರು. ಮೆರವಣಿಗೆ ಮುಗಿದ ಮೇಲೆ ಬಡವರಿಗೆ ರೊಟ್ಟಿ ಮೊದಲಾದುವನ್ನು ಹಂಚುವುದೂ ಉಂಟು. ಆದರೆ ಹುಡುಗಿಯು ಬೆರಳಿಟ್ಟು ತೋರಿಸಿದುದು ಬೇರೊಂದು ಚಿತ್ರವನ್ನು. ದೊಡ್ಡವರ ಮೆರವಣಿಗೆಗೆ ಒಂದು ವಾರ ಮೊದಲು ಅಲ್ಲಿ ಮಕ್ಕಳದೇ ಒಂದು ಮೆರವಣಿಗೆ. ಅವರ ಎತ್ತರಕ್ಕೆ ತಕ್ಕ ಚಿಕ್ಕ ಹರಿವಾಣಗಳು. ‘ನೋಡು ಮುತ್ಯಾ, ಅಲ್ಲಿ ಹುಡುಗರಿಗೆ ಬ್ಯಾರೇನೇ ದಿನ ಮಾಡ್ಯಾರ. ಬ್ಯಾಡ ಅಂದಿಲ್ಲ’ ಎಂದಳು.

ಮುದುಕನು ಆ ಚಿತ್ರವನ್ನು ಬಹಳ ಹೊತ್ತು ನೋಡಿದನು. ಹುಡುಗರು ಹಬ್ಬಕ್ಕೆ ಬರಬಾರದೆಂಬುದು ಸರಿಯಲ್ಲ. ದೊಡ್ಡವರ ಹಬ್ಬವನ್ನೇ ಹುಡುಗರು ಅಂದೇ, ಅಲ್ಲಿಯೇ ನೋಡತಕ್ಕದ್ದೆಂಬುದೂ ಸರಿಯಲ್ಲ. ಮಗುವಿಗೆ ಬೇಕಾದುದು ನೋಡುವ ಹಬ್ಬವಲ್ಲ, ಮಾಡುವ ಹಬ್ಬ. ಅದರ ಕೈಗೆ ಕೆಲಸವಿದ್ದರೆ ಹಬ್ಬ. ಇಲ್ಲದಿದ್ದರೆ ಬರಿಯ ಗದ್ದಲ. ಈ ಒಂದು ಸೂತ್ರವು ಹೊಳೆದೊಡನೆ ಅವನು ಪಂಚಾಂಗವನ್ನು ಕೈಗೆತ್ತಿಕೊಂಡನು.

ಮೊದಲು ಋತುವಿನ ವಿಚಾರ. ಮಗುವಿನ ಪಾಲಿಗೆ ಎಷ್ಟೋ ವೇಳೆ ದೇವರಿಗಿಂತ ಬಿಸಿಲೇ ದೊಡ್ಡದು. ಕಲಬುರಗಿಯ ಶರಣಬಸವೇಶ್ವರರ ತೇರು ಹೋಳಿಯ ಹುಣ್ಣಿಮೆಯಾದ ಐದನೆಯ ದಿನ. ಎಂದರೆ ಆ ಸೀಮೆಯಲ್ಲಿ ಬಿಸಿಲು ಏರುವ ಕಾಲ. ಉರುಸುಗಳ ಲೆಕ್ಕ ಬೇರೆ. ಹಿಜರಿ ವರ್ಷಕ್ಕೆ ಅಧಿಕಮಾಸವಿಲ್ಲವಾದ್ದರಿಂದ ಅವು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ, ಒಮ್ಮೆ ಬೇಸಗೆಯಲ್ಲಿಯೂ ಕೆಲವು ವರ್ಷಗಳ ಮೇಲೆ ಮಳೆಯಲ್ಲಿಯೂ ಚಳಿಯಲ್ಲಿಯೂ ಬರುವುವು. ಕಲಬುರಗಿಯ ಖಾಜಾ ಬಂದೇನವಾಜರ ಉರುಸಿಗೆ ಈ ವರ್ಷ ಬೇಡವೆನಿಸಿದ ಮಗುವಿಗೆ ಹಲವು ವರ್ಷಗಳ ಮೇಲೆ ಅದೇ ಉರುಸು ತಂಪಾದ ಕಾಲದಲ್ಲಿ ಒದಗೀತು. ಅಷ್ಟರಲ್ಲಿ ಮಗುವೂ ಬೆಳೆದಿರುವುದು.

ಎರಡನೆಯದು ದಿನದ ವಿಚಾರ. ಶರಣಬಸವೇಶ್ವರರ (1746–1822) ಹೆಸರು ದಾಸೋಹದಿಂದ ಬೆಳಗಿದುದು. ತೇರಿನ ಸಂಜೆ ಪರುಷ ಬಟ್ಟಲನ್ನು ಭಕ್ತರಿಗೆ ತೋರಿಸುವರು. ಸಾವಿರಾರು ಕೈಗಳಿಂದ ಬಾಳೆಹಣ್ಣು, ಖಾರೀಕುಗಳು ತೇರಿನತ್ತ ಹಾರುವುವು. ಅದನ್ನು ನೋಡಲು ಎತ್ತರವೂ ಬೇಕು, ಎದೆಯೂ ಬೇಕು. ಹದಿಮೂರರವಳು ತಂದೆಯ ಜೊತೆಯಲ್ಲಿ ಆ ದಿನವೇ ಹೋಗಲಿ. ಒಂಬತ್ತರವನಿಗೆ ನಾಲ್ಕಾರು ದಿನಗಳ ಮೇಲಿನ ಬೆಳಗ್ಗೆ ಲೇಸು. ತೇರು ಮುಗಿದರೂ ಅಂಗಡಿಸಾಲು, ತಿರುಗುವ ತೊಟ್ಟಿಲು ಮುಗಿದಿರುವುದಿಲ್ಲ. ಅವನ ಕೈಯಲ್ಲಿ ಐವತ್ತು ರೂಪಾಯಿ ಕೊಟ್ಟು, ಫಳಾರ ತಂದು ಲೆಕ್ಕ ಒಪ್ಪಿಸು ಎಂದರೆ, ಅವನು ಚೌಕಾಶಿ ಮಾಡುವ ಗಾಂಭೀರ್ಯವು ನೋಡತಕ್ಕದ್ದು. ವಾಡಿಯಿಂದ ಕಲಬುರಗಿ ಸುಮಾರು 37 ಕಿಲೋಮೀಟರು, ಬಿಸಿಲೇರುವುದರೊಳಗೆ ಮರಳಬಹುದು.

ಮೂರನೆಯದು ಬುದ್ಧಿಯ ವಿಚಾರ. ಹದಿಮೂರರ ವಯಸ್ಸು ‘ಏಕೆ’ ಎಂದು ಕೇಳುವ ವಯಸ್ಸು. ಬತ್ತಾಸಿನಿಂದ ಅದಕ್ಕೆ ಸಮಾಧಾನವಾಗದು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಎಲ್ಲಮ್ಮನ ಪಲ್ಲಕ್ಕಿಯನ್ನು ಕಂಡು ಬರುವವರು, 1058ರ ಶಾಸನವು ಹೇಳುವ ಘಟಿಕಾಸ್ಥಾನವೂ ಆ ಊರಿನಲ್ಲಿಯೇ ಇತ್ತೆಂಬುದನ್ನು ಮರೆಯಬಾರದು. 200 ಮಂದಿ ವೇದಾಧ್ಯಾಯಿಗಳಿದ್ದ ಆ ವಿದ್ಯಾಲಯದಲ್ಲಿ ಪುಸ್ತಕಗಳನ್ನು ಕಾಯುವುದಕ್ಕೆಂದೇ 6 ಮಂದಿ ಸರಸ್ವತೀ ಭಂಡಾರಿಗರಿದ್ದರು. ಆಷಾಢ ಬಹುಳ ಪಂಚಮಿಯ ಸುತ್ತ ಮಳಖೇಡದಲ್ಲಿ ಜಯತೀರ್ಥರ ಆರಾಧನೆ. ಅಲ್ಲಿ ಕಾಗಿಣಾ ನದಿಯ ದಡದಲ್ಲಿ ನಿಂತು, ಇದೇ ರಾಷ್ಟ್ರಕೂಟರ ಮಾನ್ಯಖೇಟ, ‘ಕವಿರಾಜಮಾರ್ಗ’ವು ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದುದು ಎಂದರೆ ಹುಡುಗಿಯು ಕೋಟೆಯ ಕಲ್ಲನ್ನು ಮುಟ್ಟಿ ನೋಡುವಳು. ಸನ್ನತಿಯ ಚಂದ್ರಲಾಂಬೆಯ ಆವರಣದಲ್ಲಿ ಕಾಳಿಕೆಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪವೇ ಅವನ ಹೆಸರಿನೊಡನೆ ದೊರೆಯಿತು. ಇವನ್ನು ಕಂಡ ಮಗುವು, ಜಾತ್ರೆಗೆ ಬಂದ ಜನ ನಿನ್ನೆ ಮೊನ್ನೆ ಬಂದವರಲ್ಲವೆಂದು ತಾನಾಗಿಯೇ ತಿಳಿಯುವುದು.

ಉಳಿದವಳು ಕಿರಿಯವಳು. ಅವಳಿಗೆಂದು ಅಜ್ಜನು ಆರಿಸಿದುದು ಯಾವ ಜಾತ್ರೆಯನ್ನೂ ಅಲ್ಲ. ಮಾರ್ಗಶಿರದ ಕೊನೆಯ ಎಳ್ಳಮಾವಾಸ್ಯೆಯನ್ನು. ಸೊಸೆಯ ಮುಂದೆ ಅವನು ಈ ಮಾತನ್ನು ತೆಗೆದುದು ಅಂಜುತ್ತಲೇ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊಲಕ್ಕಾದ್ರ ನಾನೂ ಬರ್ತೀನ್ರಿ ಮಾವಾ’ ಎಂದಳು.

ಮನೆಯವರಿಗೆ ಸ್ವಂತ ಹೊಲವಿಲ್ಲ; ಬಳಗದವರು ಕರೆದರು. ಎಳ್ಳಮಾವಾಸ್ಯೆಯಂದು ಹೊಲವಿದ್ದವರು ಇಲ್ಲದವರನ್ನು ಕರೆಯುವುದು ಆ ಸೀಮೆಯ ಸಂಪ್ರದಾಯ. ಎಳೆಬಿಸಿಲು, ನಿಂತ ಬಿಳಿಜೋಳ, ಹೂವಿನ ಕಡಲೆ. ಬುಟ್ಟಿಯಲ್ಲಿ ಸಜ್ಜೆಯ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ, ಕೊಡದಲ್ಲಿ ಅಂಬಲಿ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಬೇಕಷ್ಟೆ. ಆ ಐದು ಕಲ್ಲುಗಳನ್ನು ಆರಿಸಿ ತಂದವಳು ಕಿರಿಯವಳು. ಒಂದನ್ನು ಸಣ್ಣದೆಂದು ತಾನೇ ತಿರಸ್ಕರಿಸಿ ಮತ್ತೆ ಹೋಗಿ ತಂದಳು. ಚರಗ ಚೆಲ್ಲುವಾಗ ಅವಳ ಚಿಕ್ಕ ಹಿಡಿಯಿಂದ ಬಿದ್ದ ಅಗುಳುಗಳೆಲ್ಲ ಅವಳ ಪಾದದ ಮೇಲೆಯೇ ಬಿದ್ದವು. ಭೂಮಿತಾಯಿಗೆ ಮುಟ್ಟಲಿಲ್ಲವೆಂದು ಯಾರೂ ಹೇಳಲಿಲ್ಲ. ಜೋಳದ ದಂಟು ಅವಳಿಗಿಂತ ಎತ್ತರವಾಗಿದ್ದರೂ ಅವಳು ಅಂಜಲಿಲ್ಲ. ಕರೆದರೆ ಓಗೊಡುವ ಮುತ್ಯಾ ಅಲ್ಲಿ ಒಬ್ಬನೇ ಇದ್ದನು.

ಮಂಗಳಾರತಿಯಾಯಿತು. ಎಲ್ಲರೂ ಕೈಮುಗಿದರು. ಮುದುಕನೂ ಮುಗಿದನು, ಆದರೆ ಕಿರಿಯವಳ ಕೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡೇ ಮುಗಿದನು. ಸೊಸೆಯು ಅದನ್ನು ನೋಡಿದಳು. ನೋಡಿ, ಬುಟ್ಟಿಯನ್ನು ಬಿಚ್ಚುತ್ತ, ‘ಹೋಳಿ ಆದಮ್ಯಾಲೆ ಕಲಬುರ್ಗಿಗೆ ಯಾರ್ ಯಾರು ಹೋಗಾವ್ರು?’ ಎಂದು ಹಿರಿಯ ಮಗಳನ್ನು ಕೇಳಿದಳು.