ವ್ಯಸನ, ನಿಷೇಧ ಮತ್ತು ನಮ್ಮ ಗಡಿ

ಮರಾಠಿ ಪಾಠದಲ್ಲಿ ‘ವ್ಯಸನ’ವೆಂದರೆ ಚಟ, ಅದೇ ದಿನದ ಕನ್ನಡ ಪಾಠದಲ್ಲಿ ‘ವ್ಯಸನ’ವೆಂದರೆ ದುಃಖ. ಎರಡು ಭಾಷೆಗಳ ನಡುವೆ ಶಾಲೆ ಕಲಿತ ನನ್ನಂಥವರಿಗೆ ಈ ಶಬ್ದವು ಬಹಳ ದಿನ ಗೊಂದಲವನ್ನುಂಟುಮಾಡಿತ್ತು. ಮರಾಠಿ ಗುರುಗಳು ‘ವ್ಯಸನೀ ಮಾಣೂಸ’ ಎಂದಾಗ ಅಳುತ್ತ ಕುಳಿತ ಮನುಷ್ಯನೊಬ್ಬನು ನನ್ನ ಕಣ್ಣಿಗೆ ಕಟ್ಟುತ್ತಿದ್ದನು. ಸಂಸ್ಕೃತದಲ್ಲಿ ಈ ಪದಕ್ಕೆ ಆಪತ್ತೆಂಬ ಅರ್ಥವೂ ಉಂಟೆಂದು, ಜೈನರ ಸಪ್ತವ್ಯಸನಗಳಲ್ಲಿ ಇರುವುದು ಚಟದ ಅರ್ಥವೇ ಎಂದು ತಿಳಿದದ್ದು ಮುಂದೆ ಎಂ.ಎ. ಓದುವಾಗ. ಆ ಏಳರಲ್ಲಿ ಜೂಜು, ಮದ್ಯ, ಬೇಟೆಗಳಿವೆ, ತಂಬಾಕು ಇಲ್ಲ. ಇರುವುದಾದರೂ ಹೇಗೆ? ಅದಿನ್ನೂ ನಮ್ಮ ನೆಲಕ್ಕೆ ಕಾಲಿಟ್ಟಿರಲಿಲ್ಲ.

ಅದು ಬಂದ ದಾರಿಯಲ್ಲಿ ನಮ್ಮ ನೆರೆಯ ಊರಿನ ಹೆಸರಿದೆ. ಅಕ್ಬರನ ರಾಯಭಾರಿಯಾಗಿ ಆದಿಲಶಾಹಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ತಂಬಾಕನ್ನು ಕಂಡು, 1604-05ರ ಸುಮಾರಿಗೆ ಅದನ್ನೂ ಒಂದು ರತ್ನಖಚಿತ ಕೊಳವೆಯನ್ನೂ ಬಾದಶಹನ ಮುಂದೆ ಇಟ್ಟನೆಂದು ತಾನೇ ಬರೆದಿಟ್ಟಿದ್ದಾನೆ. ಆಸ್ಥಾನವೈದ್ಯರು ಬೇಡವೆಂದರು. ಅಕ್ಬರನು ಒಂದೆರಡು ಸಲ ಎಳೆದು ಬಿಟ್ಟನು. ಸರದಾರರು ಬಿಡಲಿಲ್ಲ, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ಫರ್ಮಾನು ಹೊರಡಿಸಿ ತಂಬಾಕನ್ನು ನಿಷೇಧಿಸಿದನು. ಆ ಫರ್ಮಾನಿನ ಗತಿ ಏನಾಯಿತೆಂಬುದನ್ನು ಯಾವ ಪಾನಪಟ್ಟಿ ಅಂಗಡಿಯ ಮುಂದೆ ನಿಂತರೂ ತಿಳಿಯಬಹುದು.

ನಮ್ಮ ಕಾಲದ ಫರ್ಮಾನು 2012ರ ಜುಲೈಯಲ್ಲಿ ಬಂದಿತು. ಮಹಾರಾಷ್ಟ್ರ ಸರ್ಕಾರವು ಗುಟ್ಕಾ ಮತ್ತು ಪಾನ್ ಮಸಾಲೆಗಳನ್ನು ನಿಷೇಧಿಸಿತು. ಇದಕ್ಕೆ ಆಧಾರವಾದದ್ದು 2006ರ ಆಹಾರ ಸುರಕ್ಷತಾ ಕಾಯ್ದೆ. ಆಹಾರಪದಾರ್ಥದಲ್ಲಿ ತಂಬಾಕು ಅಥವಾ ನಿಕೋಟಿನ್ ಇರಕೂಡದೆಂಬ ನಿಯಮವನ್ನು ಹಿಡಿದು, ಗುಟ್ಕಾವನ್ನು ಮೊದಲು ‘ಆಹಾರ’ವೆಂದು ಪರಿಗಣಿಸಿ, ಬಳಿಕ ನಿಷೇಧಿಸಲಾಯಿತು. ಅದನ್ನು ಆಹಾರವೆಂದು ಕರೆಯುವ ಧೈರ್ಯ ಅದನ್ನು ಜಗಿಯುವವರಿಗೂ ಇರಲಿಕ್ಕಿಲ್ಲ! ಕಾಯ್ದೆಯಂತೆ ಇಂಥ ಆದೇಶದ ಆಯುಷ್ಯ ಒಂದೇ ವರ್ಷ. ಆದುದರಿಂದ ವರ್ಷವರ್ಷವೂ ಅದನ್ನು ನವೀಕರಿಸಬೇಕು. ಬೀಡಿ, ಸಿಗರೇಟುಗಳು ಆಹಾರವಲ್ಲವಾದ್ದರಿಂದ ಈ ಬಲೆಗೆ ಬೀಳಲೇ ಇಲ್ಲ.

2013ರಲ್ಲಿ ಕರ್ನಾಟಕವೂ ಗುಟ್ಕಾವನ್ನು ನಿಷೇಧಿಸಿತು. ಆದರೆ ಅಲ್ಲಿ ತಂಬಾಕು ಬೆರೆಸದ ಪಾನ್ ಮಸಾಲೆಗೆ ಅಡ್ಡಿಯಿಲ್ಲ. ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ. ಬೆರೆಸುವ ಕೆಲಸ ಗಿರಾಕಿಯದು. ಅಫಜಲಪುರದ ಅಂಗಡಿಯಲ್ಲಿ ರಾಜಾರೋಷವಾಗಿ ತೂಗುವ ಪೊಟ್ಟಣವು ಅಕ್ಕಲಕೋಟೆಗೆ ಬಂದೊಡನೆ ಅಪರಾಧವಾಗುತ್ತದೆ, ಅಷ್ಟೇ ಅಲ್ಲ, ತುಟ್ಟಿಯೂ ಆಗುತ್ತದೆ. ಬೆಂಗಳೂರಿನ ಮಾಸಪತ್ರಿಕೆ ನಮ್ಮ ವಿಭಾಗಕ್ಕೆ ತಡವಾಗಿ ಬರುವುದುಂಟು, ಕೆಲವೊಮ್ಮೆ ಬಾರದೆಯೂ ಹೋಗುವುದುಂಟು. ಕನ್ನಡದಲ್ಲಿ ಎಚ್ಚರಿಕೆ ಮುದ್ರಿಸಿದ ಪೊಟ್ಟಣ ಮಾತ್ರ ಒಂದು ದಿನವೂ ತಪ್ಪಿದ್ದನ್ನು ನಾನು ಕಾಣೆ. ಗಡಿಭಾಗದಲ್ಲಿ ಕನ್ನಡದ ಪ್ರಸಾರವೆಂದು ಇದನ್ನು ಎಣಿಸಲಾದೀತೇ?

ಹಾಗೆಂದು ನಾನು ನಿಷೇಧದ ವಿರೋಧಿಯಲ್ಲ. ನನ್ನ ಕಾಕಾ ಸೊಂಟದ ಚಂಚಿಯಿಂದ ತಂಬಾಕು ತೆಗೆದು, ಸುಣ್ಣ ಹಚ್ಚಿ, ಅಂಗೈಯಲ್ಲಿ ತಿಕ್ಕಿ, ಎರಡು ಚಪ್ಪಾಳೆ ತಟ್ಟಿ ತುಟಿಗಿಡುತ್ತಿದ್ದ ಸೊಗಸನ್ನು ನೋಡುತ್ತ ಬೆಳೆದವನು ನಾನು. ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಗೆ ಅವರನ್ನು ಕರೆದೊಯ್ಯುತ್ತಿದ್ದವನೂ ನಾನೇ. ಕೊನೆಯ ತಿಂಗಳುಗಳಲ್ಲಿ ಅವರ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ; ಅಂಬಲಿಯನ್ನು ಚಮಚದಿಂದ ಬಿಡಬೇಕಾಗುತ್ತಿತ್ತು. ಒಮ್ಮೆ ಅವರು ಕೈಸನ್ನೆಯಿಂದ ಏನನ್ನೋ ಕೇಳಿದರು. ನೀರೆಂದುಕೊಂಡು ಕೊಟ್ಟೆ. ಅವರು ಕೇಳಿದ್ದು ಚಂಚಿ. ತಿನ್ನುವುದೂ ಬಿಡುವುದೂ ವ್ಯಕ್ತಿಯ ಸ್ವಾತಂತ್ರ್ಯ, ಅದರಲ್ಲಿ ಸರ್ಕಾರ ಕೈಹಾಕಬಾರದೆಂದು ನಮ್ಮ ಚರ್ಚಾಸ್ಪರ್ಧೆಗಳಲ್ಲಿ ವಿದ್ಯಾರ್ಥಿಗಳು ಚೆನ್ನಾಗಿಯೇ ವಾದಿಸುತ್ತಾರೆ. ಕಾಕಾ ತಂಬಾಕು ಹಿಡಿದದ್ದು ಹನ್ನೆರಡನೆಯ ವಯಸ್ಸಿನಲ್ಲಿ, ದನ ಕಾಯುವಾಗ. ಆ ವಯಸ್ಸಿನ ಆಯ್ಕೆಯನ್ನು ಸ್ವಾತಂತ್ರ್ಯವೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

ಗುಟ್ಕಾದ ವಿಷಯದಲ್ಲಿ ಇಷ್ಟು ಹೇಳಿ ಮುಗಿಸಬಹುದು: ಎರಡು ರಾಜ್ಯಗಳೂ ಒಂದೇ ನಿಯಮವನ್ನು ಮಾಡಿ, ತಯಾರಿಸುವ ಕಾರ್ಖಾನೆಯ ಬಾಗಿಲಿಗೇ ಬೀಗ ಹಾಕಬೇಕು. ಪಾನಪಟ್ಟಿಯವನನ್ನು ಹಿಡಿದು ಬಿಡುವ ಆಟದಿಂದ ಫಲವಿಲ್ಲ. ಪಕ್ಕದೂರಿನಲ್ಲಿ ಸಿಗುವುದನ್ನು ಇಲ್ಲಿ ಮಾತ್ರ ತಡೆಯುವುದು ದೇಶದೇಶಗಳಿಗೇ ಆಗಿಲ್ಲ. ಭೂತಾನವು 2004ರಲ್ಲಿ ತಂಬಾಕಿನ ಮಾರಾಟವನ್ನೇ ನಿಲ್ಲಿಸಿತ್ತು. ಮಾಲು ಭಾರತದ ಗಡಿಯಿಂದ ಕಳ್ಳದಾರಿಯಲ್ಲಿ ಹೋಗುತ್ತಲೇ ಇದ್ದುದರಿಂದ 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.

ಬೀಡಿಯ ಮಾತು ಬೇರೆ. ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಗಸರು ಸುತ್ತಿದ ಬೀಡಿಯಿಂದ. ತೆಲುಗು, ಕನ್ನಡ, ಉರ್ದು, ಮರಾಠಿ ಮಾತಾಡುವ ಹತ್ತಾರು ಸಾವಿರ ಹೆಂಗಸರು ಈ ನಗರದಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಕೂರುತ್ತಾರೆ. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಪುಡಿ ತುಂಬಿ, ಸುತ್ತಿ, ದಾರ ಕಟ್ಟಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಕಳಪೆಯೆಂದು ತೆಗೆದಿಟ್ಟವಕ್ಕೆ ಕೂಲಿಯಿಲ್ಲ. ಹೊಗೆ ಸೇದದಿದ್ದರೂ ಆ ಪುಡಿ ಅವರ ಎದೆಗೆ ಇಳಿಯುತ್ತದೆ. ನಗರದ ಹೊರಗೆ ಕುಂಭಾರಿಯಲ್ಲಿ ಗೋದಾವರಿ ಪರುಳೇಕರ ಹೆಸರಿನಲ್ಲಿ ಅವರಿಗಾಗಿ ಕಟ್ಟಿದ 10,000 ಮನೆಗಳ ವಸತಿಯಿದೆ. ವರ್ಷಗಟ್ಟಲೆ ನಡೆದ ಹೋರಾಟದ ಫಲವದು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅವರು ಬಂದು ಉದ್ಘಾಟಿಸಿದ್ದರು. ಒಂದು ಕೈಯಿಂದ ಎಚ್ಚರಿಕೆಯ ಚಿತ್ರ ಮುದ್ರಿಸುವ ಸರ್ಕಾರವೇ ಇನ್ನೊಂದು ಕೈಯಿಂದ ಮನೆ ಕೊಟ್ಟಿತೆಂದು ಕೆಲವರು ನಗುತ್ತಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

2019ರಲ್ಲಿ ಕೇಂದ್ರ ಸರ್ಕಾರವು ಇ-ಸಿಗರೇಟನ್ನು ಒಂದೇ ಏಟಿಗೆ ನಿಷೇಧಿಸಿತು. ಅದನ್ನು ಸುತ್ತಿ ಹೊಟ್ಟೆ ಹೊರೆಯುವ ಒಬ್ಬ ಹೆಂಗಸೂ ಈ ದೇಶದಲ್ಲಿರಲಿಲ್ಲ. ಬೀಡಿಯನ್ನು ಹಾಗೆ ನಿಲ್ಲಿಸಲಾಗದು. ನಿಲ್ಲಬೇಕಾದದ್ದು ಹೌದು; ಆದರೆ ಅದಕ್ಕಿಂತ ಮೊದಲು ಆ ಬೆರಳುಗಳಿಗೆ ಬೇರೆ ಕೆಲಸ ಬರಬೇಕು. ನಡೆದದ್ದು ತಿರುಗುಮುರುಗು. 1976ರ ಕಾಯ್ದೆಯ ಪ್ರಕಾರ ಬೀಡಿಯ ಮೇಲೆ ಸೆಸ್ಸು ಇತ್ತು. ಕಾರ್ಮಿಕರ ಔಷಧೋಪಚಾರಕ್ಕೂ ಮಕ್ಕಳ ವಿದ್ಯಾರ್ಥಿವೇತನಕ್ಕೂ ಅದರಿಂದಲೇ ಹಣ ಬರುತ್ತಿತ್ತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಸೆಸ್ಸು ರದ್ದಾಯಿತು. ಬೀಡಿ ಉಳಿಯಿತು.

ಪ್ರವೇಶದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿತ್ತು. ‘ತಾಯಿಯ ಉದ್ಯೋಗ’ವೆಂಬ ಕಡೆ ಕೆಲವರು ‘ವಿಡಿ ಕಾಮಗಾರ’ ಎಂದು ಮರಾಠಿಯಲ್ಲಿ ಬರೆದಿದ್ದರು. ಒಬ್ಬ ವಿದ್ಯಾರ್ಥಿನಿ ‘ಗೃಹಿಣಿ’ಯೆಂದು ಬರೆದಿದ್ದಳು, ಅವಳ ಬೆರಳ ತುದಿಗಳು ಮಾತ್ರ ಬೇರೆ ಕಥೆ ಹೇಳುತ್ತಿದ್ದವು. ಕೇಳಿದೆ. “ಅವ್ವ ಸುತ್ತತಾಳ್ರೀ ಸರ್, ನಾನೂ ಕೂಡತೀನಿ. ಆದ್ರ ಕಾರ್ಡ್ ನಮ್ಮ ಅತ್ತಿ ಹೆಸರಿಲೆ ಅದ, ಅವ್ವನ ಹೆಸರಿಲೆ ಇಲ್ಲ” ಎಂದಳು. ಕಾರ್ಡಿಲ್ಲದ ಮೇಲೆ ತಾಯಿಗೆ ಭವಿಷ್ಯನಿಧಿಯಿಲ್ಲ. ನಾಳೆ ನಿಷೇಧ ಬಂದು, ಪರಿಹಾರದ ಪಟ್ಟಿ ಸಿದ್ಧವಾದರೆ, ಅದರಲ್ಲಿ ಆ ತಾಯಿಯ ಹೆಸರೂ ಇರುವುದಿಲ್ಲ. ಕಾರ್ಡಿಗಾಗಿ ತಾಯಿ-ಮಗಳು ಮೂರು ಸಲ ಕಚೇರಿಗೆ ಹೋಗಿಬಂದಿದ್ದಾರೆ. ದೀಪಾವಳಿಯ ರಜೆ ಮುಗಿದ ಮೇಲೆ ನಾನೂ ಜೊತೆಗೆ ಹೋಗುವವನಿದ್ದೇನೆ.