ಗುಬ್ಬಿಗೂ ಕುಣಿಗಲ್ಲಿಗೂ ಲೈನಿಲ್ಲ

‘ಸರ್ವರ್ ಡೌನ್’ ಎಂಬ ಮಾತು ಕೇಳದೆ ಪಹಣಿ ಪಡೆದ ರೈತನಾಗಲಿ, ಬೆರಳೊತ್ತಿ ಅಕ್ಕಿ ತಂದ ಸಂಸಾರಸ್ಥನಾಗಲಿ ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ನಾನು ಮಾತ್ರ ಆ ಮಾತಿಗಾಗಿ ಯಾವ ಕೌಂಟರಿನ ಮುಂದೆಯೂ ಸಾಲು ನಿಲ್ಲಬೇಕಾಗಿಲ್ಲ. ಅದು ನಮ್ಮ ಅಡುಗೆಮನೆಯಿಂದಲೇ ಬರುತ್ತದೆ, ಒಗ್ಗರಣೆಯ ಚಟಪಟದ ಜೊತೆಗೆ: “ರೀ, ನಿಮ್ಮ ಡಬ್ಬ ಮತ್ತೆ ಮಲಗಿದೆ ನೋಡಿ. ಗುಬ್ಬಿನೂ ಸಿಗ್ತಿಲ್ಲ, ಕುಣಿಗಲ್ಲೂ ಸಿಗ್ತಿಲ್ಲ.”

ನಾವಿರುವುದು ತುಮಕೂರಿನ ಎಸ್‌ಐಟಿ ಬಡಾವಣೆಯ ಕಡೆ. ನನ್ನೂರು ಗುಬ್ಬಿ, ಹೆಂಡತಿಯ ತವರು ಕುಣಿಗಲ್. ಮದುವೆಯಾದ ಹೊಸತರಲ್ಲಿ ತುಮಕೂರಿನಲ್ಲಿ ಮನೆ ಮಾಡಿದ್ದಕ್ಕೆ ಕಾರಣ ನನ್ನ ಕೆಲಸವಲ್ಲ, ಎರಡೂ ಕಡೆಯವರಿಗೆ ‘ಅವರ ಕಡೆಗೇ ಹೋಗಿಬಿಟ್ಟ’ ಎನ್ನಲು ಅವಕಾಶ ಕೊಡಬಾರದೆಂಬ ರಾಜತಂತ್ರ.

ಡಬ್ಬ ಎಂದರೆ ಯಾವುದೋ ಕಚೇರಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತಿಯಾದ ಪುಟ್ಟ ಡೆಸ್ಕ್‌ಟಾಪು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ಕೊಂಡದ್ದು. ಯುಪಿಎಸ್ ಲೈನು ಇದ್ದದ್ದು ದೇವರ ಮನೆಯ ಪಕ್ಕದ ಗೋಡೆಗೆ ಮಾತ್ರ. ಹಾಗಾಗಿ ಅಲ್ಲೇ ಪ್ರತಿಷ್ಠಾಪನೆಯಾಯಿತು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ, ಚೆಂಡು ಹೂವು ಸಲ್ಲುತ್ತವೆ. ಅರಿಸಿನ ಫ್ಯಾನಿನ ಕಿಂಡಿಯೊಳಗೆ ಹೋಗದಂತೆ ನೋಡಿಕೊಳ್ಳುವುದು ನನ್ನ ವ್ರತ.

ಅದರ ಮೇಲೆ ಪ್ರಾಕ್ಸ್‌ಮಾಕ್ಸ್ ಹಾಕಿದ್ದೇನೆ. ಆಸ್ಟ್ರಿಯಾದ ವಿಯೆನ್ನಾದವರು 2008ರಲ್ಲಿ ಮೊದಲು ಹೊರತಂದ ತಂತ್ರಾಂಶ. ಕಾಸು ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಅದರ ಒಳಗೆ ಕೆಲಸ ಮಾಡುವುದು ಕೆವಿಎಂ, 2007ರಲ್ಲಿ ಲಿನಕ್ಸ್ ಕರ್ನಲ್ಲಿನ ಮನೆ ಸೇರಿದ್ದು. ಇದರಿಂದ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಹಲವು ಕಂಪ್ಯೂಟರುಗಳು ಬಿಡಾರ ಹೂಡಬಹುದು. ಒಂದೊಂದಕ್ಕೂ ಈ ಮನೆಗೆಲ್ಲ ತಾನೇ ಯಜಮಾನ ಎಂಬ ಭ್ರಮೆ. ಕೂಡು ಕುಟುಂಬದಲ್ಲಿ ಬೆಳೆದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೀಗೆ ಬಿಡಾರ ಹೂಡಿದವರಲ್ಲಿ ಒಂದಕ್ಕೆ ಗುಬ್ಬಿ ಎಂದೂ ಇನ್ನೊಂದಕ್ಕೆ ಕುಣಿಗಲ್ ಎಂದೂ ಹೆಸರಿಟ್ಟೆ. ಗುಬ್ಬಿಯಲ್ಲಿ ನಮ್ಮಪ್ಪನ ಫೋಟೋ, ಕಾಗದ ಪತ್ರ, ವಾಟ್ಸಾಪಿನಿಂದ ಇಳಿಸಿಟ್ಟ ಅವರ ದನಿಯ ತುಣುಕುಗಳು. ಕುಣಿಗಲ್ಲಿನಲ್ಲಿ ಮಾವನವರವು. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಡಿಸ್ಕಿಗೂ ನನಗೂ ಹಗುರ, ನಿಜ. ಆದರೆ ತವರಿನ ಸಾಮಾನು ತವರಲ್ಲೇ ಇರಬೇಕೆಂದು ಹೆಂಡತಿಯ ತೀರ್ಪಾಯಿತು. ವಿಳಾಸದ ಸಂಖ್ಯೆ ಕೊಡುವಾಗ ಕೈ ತಾನಾಗಿ ಹಳೆಯ ಎಸ್‌ಟಿಡಿ ಕೋಡಿಗೆ ಹೋಯಿತು. ಗುಬ್ಬಿಯದು 08131, ಕುಣಿಗಲ್ಲಿನದು 08132. ಆದ್ದರಿಂದ ಮನೆಯ ನೆಟ್‌ವರ್ಕಿನಲ್ಲಿ ಒಂದು 131, ಇನ್ನೊಂದು 132. ತುಮಕೂರಿನ 0816ಕ್ಕೆ ಮಾತ್ರ ನ್ಯಾಯ ಸಿಗಲಿಲ್ಲ. ಐಪಿ ವಿಳಾಸದ ಯಾವ ಅಂಕಿಯೂ 255 ದಾಟುವಂತಿಲ್ಲವಲ್ಲ, ಜಿಲ್ಲಾ ಕೇಂದ್ರ 16ರಲ್ಲೇ ತೃಪ್ತಿಪಟ್ಟುಕೊಂಡಿದೆ.

ಆ ಎರಡು ಕೋಡುಗಳ ನಡುವೆ ಓಡಾಡಿದ ಮಾತಿಗೆ ಲೆಕ್ಕ ಇಟ್ಟವರಿಲ್ಲ. ಮದುವೆಯ ದಿನ ಪಾಯಸ ಮೊದಲೋ ಹೋಳಿಗೆ ಮೊದಲೋ ಎಂಬ ಘನ ವಿಷಯಕ್ಕೆ ಬೀಗರಿಬ್ಬರೂ ಮುಖ ತಿರುಗಿಸಿದ್ದರು. ಮೊಮ್ಮಗಳು ಹುಟ್ಟಿದ ಮೇಲೆ ‘ಮಗು ಹ್ಯಾಗೈತಂತೆ’ ಎಂದು ಶುರುವಾದ ಫೋನು ಆಮೇಲೆ ಮಗುವನ್ನು ಬಿಟ್ಟು ಬೇರೆಲ್ಲದರ ಬಗ್ಗೆಯೂ ನಡೆಯತೊಡಗಿತು. ಮುಖ್ಯವಾಗಿ ಆನೆ ಮತ್ತು ಕುದುರೆಯ ಬಗ್ಗೆ.

ಆನೆ ನಮ್ಮಪ್ಪನ ಪಕ್ಷ. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ, ಅದನ್ನು ನಾಡಿನ ಮನೆಮಾತಾಗಿಸಿದ ವೀರಣ್ಣನವರು, ಅವರ ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ನಡೆದು ಬಂದ ಜೀವಂತ ಆನೆ. ಅಪ್ಪ ಅದನ್ನು ಕಣ್ಣಾರೆ ನೋಡಿದವರಲ್ಲ. ಅವರಪ್ಪ ನೋಡಿದ್ದನ್ನು ತಾವೇ ಮುಂದಿನ ಸಾಲಿನಲ್ಲಿ ಕೂತು ನೋಡಿದಂತೆ ಹೇಳುತ್ತಿದ್ದರು, ಆನೆಯ ಉಸಿರು ಮುಖಕ್ಕೆ ಬಡಿದದ್ದೂ ಸೇರಿ. 1954ರ ‘ಬೇಡರ ಕಣ್ಣಪ್ಪ’ದ ಹಿಂದೆಯೂ ಗುಬ್ಬಿಯವರೇ ಇದ್ದರು, ರಾಜ್‌ಕುಮಾರರನ್ನು ನಾಡಿಗೆ ಕೊಟ್ಟದ್ದು ನಾವೇ ಎಂಬಲ್ಲಿಗೆ ಅವರ ವಾದ ಮುಗಿಯುತ್ತಿತ್ತು.

ಮಾವನವರದು ಕುದುರೆಯ ಪಕ್ಷ. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಸಾಕಿದ ಊರು, ಇವತ್ತಿಗೂ ಸ್ಟಡ್ ಫಾರ್ಮ್ ಎಂದರೆ ಕುಣಿಗಲ್ಲೇ. “ನಿಮ್ಮ ಆನೆ ಬಣ್ಣ ಹಚ್ಕೊಂಡು ನಾಟಕ ಮಾಡ್ತು ಬೀಗರೇ, ನಮ್ಮ ಕುದುರೆ ಯುದ್ಧ ಮಾಡ್ತು.” ಅದಕ್ಕೆ ಅಪ್ಪ, “ನಮ್ಮ ಕುರುಕ್ಷೇತ್ರದಾಗೆ ಕುದುರೇನೂ ಇತ್ತು ಕಣ್ರೀ, ಅದನ್ನ ಲೆಕ್ಕಕ್ಕೇ ಇಟ್ಕಂಡಿಲ್ಲ ನಾವು” ಎನ್ನುವರು. ಸೋಲುವ ಹೊತ್ತಿಗೆ ಮಾವನವರು ಕೆರೆಯನ್ನು ಎತ್ತುತ್ತಿದ್ದರು. ಕುಣಿಗಲ್ ಕೆರೆಯ ಮೇಲೆ ಜನ ಹಾಡು ಕಟ್ಟಿ ಹಾಡುತ್ತಾರೆ, ಗುಬ್ಬಿಯ ಕೆರೆಗೆ ಒಂದು ಹಾಡಾದರೂ ಇದೆಯೇ? ಅದೂ ಸಾಲದಿದ್ದರೆ ಮಾರ್ಕೋನಹಳ್ಳಿ ಅಣೆಕಟ್ಟು. “ಅಲ್ಲಿ ಸೈಫನ್ ಐತೆ. ಬಾಗಿಲು ಎತ್ತೋ ಆಳೇ ಬೇಡ. ತುಂಬಿದ್ರೆ ಶಿಂಷಾ ನೀರು ತಾನೇ ದಾರಿ ಮಾಡ್ಕಂಡು ಹೋಗ್ತದೆ.” ಮೊಬೈಲು ಬಂದ ಮೇಲೆ ಈ ಜಗಳ ವಾಟ್ಸಾಪಿನ ವಾಯ್ಸ್ ಮೆಸೇಜಿಗೆ ವರ್ಗವಾಯಿತು. ಒಬ್ಬರು ಬೆಳಿಗ್ಗೆ ಕಾಫಿಯ ಹೊತ್ತಿಗೆ ಒಂದು ಕಳಿಸಿದರೆ ಇನ್ನೊಬ್ಬರು ಮಧ್ಯಾಹ್ನದ ನಿದ್ದೆ ಮುಗಿಸಿ ಉತ್ತರ ಕೊಡುವರು. ಈಗ ಇಬ್ಬರೂ ಇಲ್ಲ. ಪ್ರಶ್ನೆಗಳು 131ರಲ್ಲಿವೆ, ಉತ್ತರಗಳು 132ರಲ್ಲಿ.

ಇಷ್ಟು ಹಿನ್ನೆಲೆ ಗೊತ್ತಿದ್ದರೆ ಬೆಳಗಿನ ಜಾವ ಡಬ್ಬ ಮಾತು ನಿಲ್ಲಿಸಿದಾಗ ನಮ್ಮ ಮನೆಯಲ್ಲಿ ಏಕೆ ಅಷ್ಟು ಗಾಬರಿಯಾಗುತ್ತಿತ್ತು ಎಂಬುದು ತಿಳಿಯುತ್ತದೆ. ಫೋನಿನಿಂದ ಕರೆದರೆ ಇಲ್ಲ, ಲ್ಯಾಪ್‌ಟಾಪಿನಿಂದ ಪಿಂಗ್ ಮಾಡಿದರೆ ಇಲ್ಲ. ಹತ್ತಿರ ಹೋಗಿ ನೋಡಿದರೆ ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ. ಹೆಂಡತಿಯ ಮದ್ದು ಸರಳ: ಬಟನ್ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚುವುದು. ಗುಣವೂ ಆಗುತ್ತಿತ್ತು. ಅದೇ ತೊಂದರೆ. ಗುಣವಾಗಿ ನಡೆದಾಡುವ ರೋಗಿಯ ನಾಡಿ ಹಿಡಿದು ಯಾವ ವೈದ್ಯ ಏನು ಹೇಳಿಯಾನು?

ಸಂಶಯಗಳು ಊರಿನ ಪದ್ಧತಿಯಂತೆ ಸರದಿಯಲ್ಲಿ ಬಂದವು. ಮೊದಲು ಕರೆಂಟು. ಆಮೇಲೆ ಇಲಿ, ಕೇಬಲ್ ಹುಡುಗ ಬಂದು ವೈರನ್ನು ಉದ್ದಕ್ಕೂ ಸವರಿ, ತುದಿಗೆ ಹೊಸ ಕ್ಲಿಪ್ ಒತ್ತಿ, “ಇಲಿ ಇಲ್ಲ ಸಾರ್, ಬಿಸಿಲಿಗೆ ಇರಬೋದು” ಎಂದು ಇನ್ನೊಂದು ಸಂಶಯ ಬಿತ್ತಿ ಹೋದ. ಸ್ವಿಚ್ಚು ಬದಲಾಯಿತು. ಮೇಜಿನ ಫ್ಯಾನೊಂದು ಅದರ ಸೇವೆಗೆ ನಿಯುಕ್ತಿಯಾಯಿತು. ಕೊನೆಗೆ ಬಟನ್ನಿಗೆ ಯಾರೂ ಕೈ ಹಚ್ಚಕೂಡದೆಂದು ಅಪ್ಪಣೆ ಕೊಡಿಸಿ, ಹಾಲಿನ ಟಿವಿಯನ್ನು ಹೊತ್ತು ತಂದು ಅದಕ್ಕೆ ಸಿಕ್ಕಿಸಿದೆ.

ಯಂತ್ರ ಗುಂಡುಕಲ್ಲಿನಂತಿತ್ತು. ಜೀವ ಇದೆ, ಬುದ್ಧಿ ಸ್ವಾಧೀನದಲ್ಲಿದೆ, ಹೊರಗಿನವರ ಜೊತೆ ಮಾತು ಮಾತ್ರ ಇಲ್ಲ. ಕರ್ನಲ್ಲಿನ ದಾಖಲೆ ಬಿಚ್ಚಿದರೆ ಪುಟಗಟ್ಟಲೆ ಒಂದೇ ಗೋಳು, ಎರಡೆರಡು ಸೆಕೆಂಡಿಗೊಮ್ಮೆ: ಇ1000ಇ, ಡಿಟೆಕ್ಟೆಡ್ ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್. ಇ1000ಇ ಎಂಬುದು ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರಿನ ಹೆಸರು. ಅದರ ಕೆಳಗೆ ಟಿಡಿಎಚ್, ಟಿಡಿಟಿ ಎಂಬ ಎರಡು ಅಂಕಿ.

ಆ ಎರಡು ಅಂಕಿಯಲ್ಲೇ ಕಥೆಯಿತ್ತು. ಕಳಿಸಬೇಕಾದ ಮಾಲಿನ ಚೀಟಿಗಳನ್ನು ಡ್ರೈವರು ಮೆಮೊರಿಯಲ್ಲಿ ಒಂದು ಉಂಗುರದ ಆಕಾರದಲ್ಲಿ ಜೋಡಿಸುತ್ತದೆ. ಹೊಸ ಚೀಟಿ ಸೇರುವ ಜಾಗ ಟಿಡಿಟಿ, ಅಂದರೆ ಬಾಲ. ಕಾರ್ಡು ಚೀಟಿ ಎತ್ತಿಕೊಳ್ಳುವ ಜಾಗ ಟಿಡಿಎಚ್, ಅಂದರೆ ತಲೆ. ಡ್ರೈವರು ಬಾಲವನ್ನು ಮುಂದೆ ಸರಿಸುತ್ತಾ ಹೋಗಬೇಕು, ಕಾರ್ಡು ತಲೆಯನ್ನು ಅದರ ಹಿಂದೆಯೇ ಸರಿಸಬೇಕು. ನಮ್ಮ ಡಬ್ಬದಲ್ಲಿ ಬಾಲ ಮುಂದಿತ್ತು, ತಲೆ ಕೂತಲ್ಲೇ ಕೂತಿತ್ತು. ಅದು ಅಲುಗಾಡದ್ದನ್ನು ಕಂಡು ಡ್ರೈವರು ಕೂಗಿಕೊಳ್ಳುತ್ತದೆ, ಕಾರ್ಡನ್ನು ತಟ್ಟಿ ಎಬ್ಬಿಸುತ್ತದೆ, ಕಾರ್ಡು ಎದ್ದು ಮತ್ತೆ ಕೂರುತ್ತದೆ. ಬೆಳಗಾಗುವವರೆಗೆ ಇದೇ ಆಟ. ಕಾರ್ಡು ಮಾಡಿದವರು ಒಮ್ಮೆ ಮಾರ್ಕೋನಹಳ್ಳಿಗೆ ಬಂದು ಆ ಸೈಫನ್ನನ್ನಾದರೂ ನೋಡಿ ಹೋಗಬಹುದಿತ್ತು.

ಕೂರುತ್ತಿದ್ದುದು ಯಾವಾಗ ಎಂದು ಹುಡುಕಿದರೆ ರಾತ್ರಿ ಎರಡು ಗಂಟೆ ದಾಟಿದ ಮೇಲೆ. ಡಬ್ಬದಲ್ಲಿರುವುದರದೆಲ್ಲ ಬ್ಯಾಕಪ್ಪು ಮಹಡಿಯ ಮೇಲಿನ ಇನ್ನೊಂದು ಡಿಸ್ಕಿಗೆ ಹೊರಡುವ ಹೊತ್ತು. ಒಂದೇ ಸಮ ದೊಡ್ಡ ಮಾಲು ಸಾಗಿಸುವಾಗ ಮಾತ್ರ ಕಾರ್ಡಿಗೆ ಈ ಹಟ.

ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದದ್ದು. ಕೆಂಪು ತೊಳೆಯ ಸಿದ್ದು ಹಲಸು ಅಲ್ಲಿಯದೇ. ಅಪ್ಪ ಇದ್ದಾಗ ಪ್ರತಿ ಬೇಸಗೆಯಲ್ಲೂ ಅಲ್ಲಿಂದ ಒಂದು ಹಣ್ಣು ತುಮಕೂರಿಗೆ ಬಂದಿಳಿಯುತ್ತಿತ್ತು. ಹೆಚ್ಚುವ ತಾಪತ್ರಯ ಯಾರಿಗೆ ಬೇಕೆಂದು ನೆಂಟರ ಹುಡುಗನೊಬ್ಬನಿಗೆ ಇಡೀ ಹಣ್ಣನ್ನೇ ಒಪ್ಪಿಸಿಬಿಡುವುದು ರೂಢಿ. ಅವನಿಗೂ ತಾನೇ ಹೆಚ್ಚಬೇಕೆಂಬ ಜಂಬ. ಸಣ್ಣ ಹಣ್ಣಾದರೆ ಸೈ. ದೊಡ್ಡದಾದರೆ ಅರ್ಧಕ್ಕೆ ಕೈಗೆಲ್ಲ ಮೇಣ ಮೆತ್ತಿಕೊಂಡು, ಮಚ್ಚು ಹಣ್ಣಿಗೆ ಅಂಟಿ, ಹಣ್ಣು ಅವನಿಗೆ ಅಂಟಿ, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಪಡಸಾಲೆಯಲ್ಲಿ ತಟ್ಟೆ ಹಿಡಿದವರ ಸಾಲು ಬೆಳೆಯುತ್ತಿರುತ್ತದೆ.

ಕಾರ್ಡಿಗೂ ಹೀಗೊಂದು ಜಂಬದ ಕಸುಬಿದೆ, ಟಿಎಸ್‌ಒ ಎಂದು ಹೆಸರು. ತಂತಿಯ ಮೇಲೆ ಒಂದು ಸಲಕ್ಕೆ ಹೋಗಬಹುದಾದದ್ದು 1500 ಬೈಟಿನಷ್ಟು ಮಾತ್ರ. ಆ ಹೋಳು ಮಾಡುವ ಕೆಲಸವನ್ನು ಪ್ರೊಸೆಸರು ತಾನು ಮಾಡದೆ, 64 ಕೆ.ಬಿ.ವರೆಗಿನ ಇಡೀ ಗಟ್ಟಿಯನ್ನೇ ಕಾರ್ಡಿನ ಮುಂದಿಟ್ಟು ‘ನೀನೇ ಹೆಚ್ಚಿಕೊ’ ಎನ್ನುತ್ತದೆ. ಪ್ರೊಸೆಸರಿನ ಹೊರೆ ಇಳಿಸಲೆಂದೇ ಮಾಡಿದ ಏರ್ಪಾಡು. ಕಾರ್ಡು ಸಾಮಾನ್ಯವಾಗಿ ಹೆಚ್ಚಿ ಕಳಿಸುತ್ತದೆ. ಬ್ಯಾಕಪ್ಪಿನ ರಾತ್ರಿ ಗಟ್ಟಿಯ ಮೇಲೆ ಗಟ್ಟಿ ಬಂದು ಬಿದ್ದಾಗ ಈ ಜಾತಿಯ ಕೆಲವು ಕಾರ್ಡುಗಳ ಕೈ ಅಂಟಿಕೊಂಡುಬಿಡುತ್ತದೆ. ಪರಿಹಾರ ಒಂದೇ ಸಾಲಿನ ಕಮಾಂಡು, ಇಥ್‌ಟೂಲ್ ಎಂಬ ಸಲಕರಣೆಯದು: ಟಿಎಸ್‌ಒ ಆಫ್, ಜೊತೆಗೆ ಅದರ ತಮ್ಮ ಜಿಎಸ್‌ಒ ಕೂಡ ಆಫ್. ಇನ್ನು ಮೇಲೆ ಹೆಚ್ಚುವುದೆಲ್ಲ ಒಳಗೇ ಆಗಲಿ, ನೀನು ಬಟ್ಟಲು ದಾಟಿಸಿದರೆ ಸಾಕು. ಪ್ರೊಸೆಸರಿಗೆ ಕೆಲಸ ತುಸು ಹೆಚ್ಚಿತು. ಒಂದು ಗಿಗಾಬಿಟ್ಟಿನ ತಂತಿಗೆ ಅದೇನೂ ಲೆಕ್ಕಕ್ಕಿಲ್ಲ, ನಿವೃತ್ತ ಯಂತ್ರ ಗೊಣಗಲೂ ಇಲ್ಲ. ಮತ್ತೆ ಹಚ್ಚಿದಾಗ ಮರೆಯಬಾರದೆಂದು ಆ ಸಾಲನ್ನು ನೆಟ್‌ವರ್ಕಿನ ಕಡತದಲ್ಲಿ ‘ಪೋಸ್ಟ್-ಅಪ್’ ಎಂದು ಬರೆದಿಟ್ಟೆ. ಆಮೇಲೆ ಹ್ಯಾಂಗಿನ ಸುದ್ದಿಯಿಲ್ಲ. ಟಿವಿ ಹಾಲಿಗೆ ಮರಳಿತು, ಧಾರಾವಾಹಿಯ ಬಾಕಿ ಕಂತುಗಳು ತೀರಿದವು.

ಇಲ್ಲಿಗೆ ಬಿಡಬಹುದಿತ್ತು. ಆದರೆ ಕಾರ್ಡು ಕೂತ ರಾತ್ರಿಗಳಲ್ಲಿ ಏನೇನು ನಷ್ಟವಾಗಿದೆಯೋ ನೋಡೋಣವೆಂದು ಗುಬ್ಬಿ ಕುಣಿಗಲ್ಲುಗಳ ದಾಖಲೆಯನ್ನೂ ತೆಗೆದೆ. ಮುಂಜಾಗ್ರತೆಗೆ ನಾನೊಂದು ಏರ್ಪಾಡು ಮಾಡಿದ್ದೆ: ದಿನವೂ ಬೆಳಗಿನ ಜಾವ ಮೂರಕ್ಕೆ ಗುಬ್ಬಿಯಲ್ಲಿರುವುದರ ಒಂದು ನಕಲು ಕುಣಿಗಲ್ಲಿಗೆ, ಕುಣಿಗಲ್ಲಿನದೊಂದು ಗುಬ್ಬಿಗೆ. ಎರಡು ಗಂಟೆಗೆ ಕಾರ್ಡು ಕೂತ ಮೇಲೆ ಮೂರರದ್ದು ನಡೆದಿರಲಾರದು ಎಂದುಕೊಂಡಿದ್ದವನಿಗೆ ಆಶ್ಚರ್ಯ ಕಾದಿತ್ತು. ಒಂದು ರಾತ್ರಿಯೂ ತಪ್ಪಿರಲಿಲ್ಲ. ಯೋಚಿಸಿದರೆ ಅದು ಹಾಗೆಯೇ ಆಗಬೇಕು. ಎರಡೂ ಇರುವುದು ಒಂದೇ ಡಬ್ಬದಲ್ಲಿ. ಅವುಗಳ ನಡುವೆ ಇರುವುದು ವಿಎಂಬಿಆರ್0 ಎಂಬ ಬ್ರಿಡ್ಜು, ಅದು ಬರೀ ತಂತ್ರಾಂಶ. ಕಾರ್ಡು, ಕೇಬಲ್ಲು, ಸ್ವಿಚ್ಚು ಬೇಕಾಗುವುದು ಹೊರಗಿನ ನಮ್ಮೊಡನೆ ಮಾತಾಡುವುದಕ್ಕೆ ಮಾತ್ರ. ನಿಜವಾದ ಗುಬ್ಬಿಯಿಂದ ಕುಣಿಗಲ್ಲಿಗೆ ಹೋಗುವವರು ಸಾಮಾನ್ಯವಾಗಿ ತುಮಕೂರಿಗೆ ಬಂದೇ ಬಸ್ಸು ಬದಲಾಯಿಸುತ್ತಾರೆ. ಈ ಗುಬ್ಬಿ ಕುಣಿಗಲ್ಲುಗಳಿಗೆ ತುಮಕೂರಿನ ಹಂಗೇ ಇರಲಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. “ಅಂದ್ರೆ, ನಾವು ಇಲ್ಲಿ ಗಾಬರಿ ಬಿದ್ದು ಬಟನ್ ಒತ್ತೋವಾಗೆಲ್ಲ ಅವರಿಬ್ರೂ ಒಳಗೆ ಮಾತಾಡ್ತಾನೇ ಇದ್ರು ಅನ್ನಿ” ಎಂದಳು.

“ಮೂರು ಗಂಟೆಗೆ ಸರಿಯಾಗಿ.”

“ನಮ್ಮಪ್ಪ ಏಳ್ತಿದ್ದಿದ್ದೇ ಆ ಹೊತ್ತಿಗೆ” ಎಂದು ಸ್ವಲ್ಪ ಹೊತ್ತು ಸೊಪ್ಪನ್ನೇ ನೋಡಿದಳು. ಆಮೇಲೆ, “ನೀವು ಬಟನ್ ಒತ್ತಬೇಡ ಅಂದಿದ್ದು ಒಳ್ಳೇದಾಯ್ತು. ಆನೆ ಕುದುರೆ ಮಧ್ಯಕ್ಕೇ ಕಟ್ ಮಾಡಿದ್ರೆ ಬೈಸ್ಕೋಬೇಕಿತ್ತು” ಎಂದಳು.

ನಕ್ಕೆವು. ಆ ರಾತ್ರಿ ಎಷ್ಟೋ ದಿನಗಳ ಮೇಲೆ 131ರಿಂದ ಒಂದು, 132ರಿಂದ ಒಂದು ಎಂದು ಸರದಿಯಲ್ಲಿ ಹಾಕಿಕೊಂಡು ಕೇಳಿದೆವು. ಅಪ್ಪನ ಒಂದು ಮೆಸೇಜು ಪೂರ್ತಿ ಕೆಮ್ಮು, ಕೊನೆಯಲ್ಲಿ ಮಾತ್ರ “ಆಮೇಲೆ ಹೇಳ್ತೀನಿ ಬೀಗರೇ” ಎಂದಿದೆ. ಅದಕ್ಕೂ ಮಾವನವರ ಉತ್ತರವಿದೆ: “ಹೇಳೋದೇನೈತೆ, ಒಪ್ಕಳ್ಳಿ.”

ಹೊಸ ಕರ್ನಲ್ ಬಂದಿದೆ ಎಂದು ಡಬ್ಬ ದಿನಾ ನೆನಪಿಸುತ್ತಿದೆ. ಹಾಕಿಕೊಂಡರೆ ಕಾರ್ಡಿನ ಬುದ್ಧಿ ಇನ್ನೂ ನೆಟ್ಟಗಾದೀತು, ಅಥವಾ ಇರುವುದೂ ಕೆಟ್ಟೀತು. ಹಬ್ಬ ಕಳೆಯಲಿ ಎಂದು ಮುಂದೂಡಿದ್ದೇನೆ. ಅದಕ್ಕಿಂತ ಅವಸರದ ಕೆಲಸವೊಂದು ಬಂದಿದೆ. ಮಗಳಿಗೆ ತಿಪಟೂರಿನ ಕಡೆಯಿಂದ ಒಂದು ಸಂಬಂಧ ಕೂಡಿ ಬರುವಂತಿದೆ. ಹುಡುಗನ ತಂದೆ ಮೊದಲ ಭೇಟಿಯಲ್ಲೇ ಕೊಬ್ಬರಿಯ ವಿಚಾರದಲ್ಲಿ ತಿಪಟೂರಿನ ಮುಂದೆ ಯಾರೂ ಇಲ್ಲ ಎಂದು ಸಾಕಷ್ಟು ಹೊತ್ತು ಮಾತಾಡಿ ಹೋದರು. ಅವರು ಗೇಟು ದಾಟುತ್ತಿದ್ದಂತೆ ಹೆಂಡತಿ ಕೇಳಿದ್ದು ಜಾತಕದ ವಿಚಾರವಲ್ಲ.

“ತಿಪಟೂರಿನ ಕೋಡು 08134 ಅಲ್ವೇನ್ರೀ? 134 ಖಾಲಿ ಇದೆಯಾ?”

ನೋಡಿದೆ. ಅಲ್ಲಿ ಪ್ರಿಂಟರು ಕೂತಿತ್ತು. ಅದನ್ನು ಎಬ್ಬಿಸಿ 150ಕ್ಕೆ ಕಳಿಸಿದ್ದೇನೆ.